ಗೃಹದಲ್ಲಿ ಗ್ರಂಥರಚನೆ: ಕಾಲದ ಹಂಚಿಕೆಯೂ ಬರೆವಣಿಗೆಯ ಪರಿಷ್ಕಾರವೂ

1. ಪ್ರಸ್ತಾವನೆ

ಸಂಶೋಧನೆಯೆಂದರೆ ಗ್ರಂಥಭಂಡಾರದಲ್ಲಿಯೋ ಪ್ರಯೋಗಶಾಲೆಯಲ್ಲಿಯೋ ನಡೆಯತಕ್ಕ ಕಾರ್ಯವೆಂಬ ಭಾವನೆ ಸಾಮಾನ್ಯವಾಗಿದೆ. ಸಾಮಗ್ರಿಯ ಸಂಗ್ರಹದ ಮಟ್ಟಿಗೆ ಈ ಮಾತು ಸಲ್ಲುತ್ತದೆ. ಆದರೆ ಸಂಗ್ರಹಿಸಿದುದನ್ನು ಪ್ರಬಂಧವಾಗಿ ಬರೆಯುವ ಕಾರ್ಯ ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯುತ್ತದೆ. ಕಾಲೇಜಿನ ಅಧ್ಯಾಪಕರು ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ಮೌಲ್ಯಮಾಪನ ಇವುಗಳ ನಡುವೆ ಉಳಿದ ಹೊತ್ತಿನಲ್ಲಿ, ಮನೆಯ ಒಂದು ಮೂಲೆಯಲ್ಲಿ ಕುಳಿತು ಬರೆಯಬೇಕಾಗುತ್ತದೆ. ವಿದ್ಯಾರ್ಥಿಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

2020ರ ಮಾರ್ಚಿ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದಾಗ, ಹೊರಗಿನ ಓಡಾಟ ತಪ್ಪಿದುದರಿಂದ ಬರೆವಣಿಗೆ ವೇಗವಾಗಿ ಸಾಗುವುದೆಂದು ನಾವೂ ನಿರೀಕ್ಷಿಸಿದ್ದೆವು. ಹಾಗಾಗಲಿಲ್ಲ. ಹಗಲೆಲ್ಲ ಮೇಜಿನ ಮುಂದೆ ಕುಳಿತವರು ಸಂಜೆಯ ವೇಳೆಗೆ ಒಂದು ಪುಟವನ್ನೂ ಮುಗಿಸಿರುತ್ತಿರಲಿಲ್ಲ. ಬಂದ ಅಧ್ಯಾಯಗಳು ಉದ್ದವಾಗಿದ್ದುವೇ ಹೊರತು ಹದವಾಗಿರಲಿಲ್ಲ. ಹೊತ್ತು ಹೆಚ್ಚಾದ ಮಾತ್ರಕ್ಕೆ ಬರಹ ಬೆಳೆಯುವುದಿಲ್ಲವೆಂಬುದನ್ನು ನಾವು ಆಗ ಕಂಡುಕೊಂಡೆವು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳಲ್ಲಿ ಪಿಎಚ್.ಡಿ. ವ್ಯಾಸಂಗಕ್ಕೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿ ಗೊತ್ತಾಗಿದೆ. ಸಾಮಗ್ರಿಯೆಲ್ಲ ಕೈಸೇರಿದ ಮೇಲೂ ಬರೆಯಲಾರದೆ ಈ ಅವಧಿಯನ್ನು ಕಳೆದುಕೊಳ್ಳುವವರಿದ್ದಾರೆ. ಅವರಲ್ಲಿ ಕೊರತೆಯಾದುದು ಬುದ್ಧಿಯಲ್ಲ, ಶ್ರಮವೂ ಅಲ್ಲ, ಶ್ರಮದ ಕ್ರಮ.

ಆದುದರಿಂದ ಪ್ರಕೃತ ಲೇಖನದಲ್ಲಿ ಎರಡು ವಿಷಯಗಳನ್ನು ವಿವೇಚಿಸುತ್ತೇವೆ. ಮನೆಯಲ್ಲಿ ಕುಳಿತು ಬರೆಯುವವರು ಕಾಲವನ್ನು ಹೇಗೆ ಹಂಚಿಕೊಳ್ಳಬೇಕು, ಬರೆದುದನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುವೇ ಆ ಎರಡು. ಕೇವಲ ಉಪದೇಶದಿಂದ ಹೆಚ್ಚು ಪ್ರಯೋಜನವಿಲ್ಲವಾದುದರಿಂದ, ದಿನಚರಿಯೂ ಬರೆವಣಿಗೆಯ ರೀತಿಯೂ ವಿವರವಾಗಿ ತಿಳಿದುಬಂದಿರುವ ಒಬ್ಬ ವಿದ್ವಾಂಸನ ನಿದರ್ಶನವನ್ನು ಮೊದಲು ನೋಡೋಣ.

2. ಡೌನ್ ಹೌಸಿನ ದಿನಚರಿ

ಚಾರ್ಲ್ಸ್ ಡಾರ್ವಿನ್ನನು 1842ರಲ್ಲಿ ಲಂಡನ್ ನಗರವನ್ನು ಬಿಟ್ಟು, ಅಲ್ಲಿಂದ ಸುಮಾರು ಹದಿನಾರು ಮೈಲಿ ದೂರದ ಕೆಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ ಡೌನ್ ಹೌಸ್ ಎಂಬ ಮನೆಗೆ ಬಂದು ನೆಲೆಸಿದನು. 1882ರಲ್ಲಿ ತೀರಿಕೊಳ್ಳುವವರೆಗೆ, ಎಂದರೆ ಸುಮಾರು ನಲವತ್ತು ವರ್ಷ, ಅವನ ಕಾರ್ಯಾಲಯವೂ ಪ್ರಯೋಗಶಾಲೆಯೂ ಆ ಮನೆಯೇ ಆಗಿದ್ದಿತು. ಯಾವ ವಿಶ್ವವಿದ್ಯಾಲಯದಲ್ಲಿಯೂ ಅವನು ಅಧ್ಯಾಪಕನಾಗಿರಲಿಲ್ಲ. ಅವನ ಮಗ ಫ್ರಾನ್ಸಿಸ್ ಡಾರ್ವಿನ್ 1887ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ತಂದೆಯ ದಿನಚರಿಯನ್ನು ಗಂಟೆಗಂಟೆಗೂ ವಿವರಿಸಿದ್ದಾನೆ.

ಆ ವಿವರಣೆಯ ಪ್ರಕಾರ ಡಾರ್ವಿನ್ನನು ಬೆಳಗ್ಗೆ ಸ್ವಲ್ಪ ತಿರುಗಾಡಿ, 7-45ರ ಸುಮಾರಿಗೆ ಉಪಾಹಾರ ಮುಗಿಸಿ, 8ರಿಂದ 9-30ರವರೆಗೆ ಕೆಲಸ ಮಾಡುತ್ತಿದ್ದನು. ಕೆಲಸಕ್ಕೆ ಶ್ರೇಷ್ಠವಾದ ಹೊತ್ತುಗಳಲ್ಲಿ ಇದೊಂದೆಂದು ಅವನ ಅಭಿಪ್ರಾಯ. ಬಳಿಕ ಒಂದು ಗಂಟೆ ಕಾಗದಪತ್ರಗಳನ್ನು ನೋಡುವುದು, ಮನೆಯವರಿಂದ ಕಾದಂಬರಿಯನ್ನು ಓದಿಸಿ ಕೇಳುವುದು. 10-30ರಿಂದ 12ರವರೆಗೆ ಮತ್ತೆ ಕೆಲಸ. ಅಲ್ಲಿಗೆ ಆ ದಿನದ ಮುಖ್ಯ ಕಾರ್ಯ ಮುಗಿಯಿತೆಂದು ಅವನು ಭಾವಿಸುತ್ತಿದ್ದನು. ಅನಂತರ ಮರಳು ಹಾಸಿದ ಹಾದಿಯಲ್ಲಿ ತಿರುಗಾಟ, ಊಟ, ವೃತ್ತಪತ್ರಿಕೆ, ಪತ್ರವ್ಯವಹಾರ, ವಿಶ್ರಾಂತಿ. ಸಂಜೆ 4-30ರಿಂದ 5-30ರವರೆಗೆ ಇನ್ನೊಂದು ಗಂಟೆ ಕೆಲಸ. ರಾತ್ರಿಯ ಊಟವಾದ ಮೇಲೆ ಹೆಂಡತಿ ಎಮ್ಮಾಳೊಡನೆ ಎರಡು ಸಲ ಬ್ಯಾಕ್‌ಗ್ಯಾಮನ್ ಎಂಬ ಪಗಡೆಯಂಥ ಆಟ. ಈ ಆಟದಲ್ಲಿ ತಾನು 2795 ಸಲವೂ ಆಕೆ 2490 ಸಲವೂ ಗೆದ್ದಿರುವುದಾಗಿ 1876ರಲ್ಲಿ ಅವನು ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಕಾಗದದಲ್ಲಿ ಹಿಗ್ಗಿನಿಂದ ತಿಳಿಸಿದ್ದಾನೆ. ಲೆಕ್ಕವಿಡುವ ಅಭ್ಯಾಸ ಆಟದಲ್ಲಿಯೂ ಅವನನ್ನು ಬಿಟ್ಟಿರಲಿಲ್ಲ.

ಒಟ್ಟು ಕೂಡಿಸಿ ನೋಡಿದರೆ ಕೆಲಸದ ಹೊತ್ತು ದಿನಕ್ಕೆ ಸುಮಾರು ನಾಲ್ಕೇ ಗಂಟೆ. ಇಷ್ಟರಲ್ಲಿಯೇ ಅವನು ಕಡಲಬಂಡೆಗಳಿಗೆ ಕಚ್ಚಿಕೊಳ್ಳುವ ಬಾರ್ನಕಲ್ ಎಂಬ ಜೀವಿಗಳ ಕುರಿತು ಎಂಟು ವರ್ಷ ದುಡಿದು ನಾಲ್ಕು ಸಂಪುಟಗಳನ್ನೂ, 1859ರಲ್ಲಿ ‘ಜೀವಿಜಾತಿಗಳ ಉಗಮ’ವನ್ನೂ, ಅನಂತರ ಹಲವು ಗ್ರಂಥಗಳನ್ನೂ ಬರೆದನು. ಅವನ ದೇಹಸ್ಥಿತಿ ಸದಾ ಕೆಟ್ಟಿರುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ದಿನಚರಿಯಿಂದ ನಾವು ಗ್ರಹಿಸಬಹುದಾದ ಅಂಶಗಳು ನಾಲ್ಕು. ಮೊದಲನೆಯದಾಗಿ, ಕೆಲಸದ ಹೊತ್ತು ಕಡಿಮೆ. ಆದರೆ ಅದು ಗೊತ್ತಾದ ಹೊತ್ತು. ಎರಡನೆಯದಾಗಿ, ಹೊಸದನ್ನು ಯೋಚಿಸುವ ಕೆಲಸಕ್ಕೆ ಮನಸ್ಸು ಹಸನಾಗಿರುವ ಬೆಳಗಿನ ಹೊತ್ತು ಮೀಸಲು. ಪತ್ರವ್ಯವಹಾರಕ್ಕೆ ಬೇರೆ ಹೊತ್ತು. ಮೂರನೆಯದಾಗಿ, ಕೆಲಸಕ್ಕೆ ಆರಂಭವಿರುವಂತೆ ಮುಕ್ತಾಯವೂ ಇದೆ. ಕಾರ್ಯಾಲಯದಲ್ಲಿ ಗಂಟೆ ಬಾರಿಸುತ್ತದೆ, ಬಾಗಿಲು ಹಾಕುತ್ತಾರೆ; ಮನೆಯಲ್ಲಿ ಬಾಗಿಲು ಹಾಕುವವರು ನಾವೇ. ಮುಕ್ತಾಯವಿಲ್ಲದ ಕೆಲಸ ದಿನವನ್ನೆಲ್ಲ ಆಕ್ರಮಿಸಿ, ಕೆಲಸವೂ ಅಲ್ಲದ ವಿಶ್ರಾಂತಿಯೂ ಅಲ್ಲದ ಒಂದು ಅವಸ್ಥೆಯನ್ನು ತರುತ್ತದೆ. ನಾಲ್ಕನೆಯದಾಗಿ, ಅವನು ನಿಮಿಷಗಳನ್ನು ಉಳಿಸುತ್ತಿದ್ದನು. ಹತ್ತು ನಿಮಿಷದ ಕೆಲಸಕ್ಕೂ ಕಾಲು ಗಂಟೆಯ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಅವನು ಗಣಿಸುತ್ತಿದ್ದನೆಂದು ಮಗ ಬರೆದಿದ್ದಾನೆ.

3. ಒಂದು ಆಕ್ಷೇಪ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಹುಟ್ಟುತ್ತದೆ. ಡಾರ್ವಿನ್ನನು ಧನಿಕರ ಮನೆಯಲ್ಲಿ ಹುಟ್ಟಿದವನು. ಸಂಬಳಕ್ಕಾಗಿ ಅವನು ದುಡಿಯಬೇಕಾಗಿರಲಿಲ್ಲ. ಮನೆಯಲ್ಲಿ ಸೇವಕರಿದ್ದರು. ಹತ್ತು ಮಕ್ಕಳನ್ನು ಹೆತ್ತ ಎಮ್ಮಾ ಮನೆಯ ಆಡಳಿತವನ್ನೂ ಗಂಡನ ಶುಶ್ರೂಷೆಯನ್ನೂ ನಡೆಸಿದಳಲ್ಲದೆ, ಗ್ರಂಥದ ಕರಡಚ್ಚುಗಳನ್ನೂ ಓದಿಕೊಟ್ಟಳು. ಹೀಗಿರುವಾಗ ಅವನ ನಿದರ್ಶನ ನಮ್ಮ ಅಧ್ಯಾಪಕರಿಗೆ ಹೇಗೆ ಅನ್ವಯಿಸುತ್ತದೆ?

ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಅದಕ್ಕೆ ಅರ್ಧ ಸಮಾಧಾನವನ್ನು ಆಂತೊನಿ ಟ್ರಾಲಪ್ ಎಂಬ ಆಂಗ್ಲ ಕಾದಂಬರಿಕಾರನ ಜೀವನ ಕೊಡುತ್ತದೆ. ಅವನು 1834ರಿಂದ 1867ರವರೆಗೆ ಅಂಚೆಯ ಇಲಾಖೆಯ ನೌಕರ. ಬೆಳಗ್ಗೆ 5-30ಕ್ಕೆ ಮೇಜಿನ ಮುಂದೆ ಕುಳಿತು, ಕಚೇರಿಯ ಕೆಲಸಕ್ಕೆ ಮುಂಚೆ ಮೂರು ಗಂಟೆ ಬರೆಯುತ್ತಿದ್ದನು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದಕ್ಕೆ. ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆವಣಿಗೆ. ತನ್ನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದಕ್ಕೆಂದೇ ಒಬ್ಬ ಮುದಿ ಸೇವಕನಿಗೆ ವರ್ಷಕ್ಕೆ 5 ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಹೀಗೆ ಬರೆದ ಅವನ ಕಾದಂಬರಿಗಳು 47. ಸಂಶೋಧನ ಪ್ರಬಂಧವನ್ನು ಕಾದಂಬರಿಯ ವೇಗದಲ್ಲಿ ಬರೆಯಲಾಗುವುದಿಲ್ಲವೆಂಬುದು ನಿಜ. ಅಡಿಟಿಪ್ಪಣಿಯೊಂದನ್ನು ತಾಳೆನೋಡುವುದರಲ್ಲಿಯೇ ಒಂದು ಬೆಳಗು ಕಳೆಯಬಹುದು. ಆದರೂ ನೌಕರಿ ಇದ್ದವನಿಗೆ ಬರೆವಣಿಗೆ ಅಸಾಧ್ಯವೆಂಬ ಮಾತು ಇದರಿಂದ ಬಿದ್ದುಹೋಗುತ್ತದೆ.

ಉಳಿದ ಅರ್ಧಕ್ಕೆ ಟ್ರಾಲಪ್ಪನೂ ಉತ್ತರವಲ್ಲ. ಅವನನ್ನು ಎಬ್ಬಿಸಿ ಕಾಫಿ ತಂದುಕೊಡುವವನು ಒಬ್ಬನಿದ್ದನು. ನಮ್ಮ ಮನೆಗಳಲ್ಲಿ ಆ ಕಾಫಿಯನ್ನು ಮಾಡುವವರು ಯಾರು? ಸಂಶೋಧನೆ ಮಾಡುವ ಸ್ತ್ರೀಯರಲ್ಲಿ ಅನೇಕರಿಗೆ ಬೆಳಗಿನ ಹೊತ್ತು ತಿಂಡಿ, ಅಡಿಗೆ, ಮಕ್ಕಳ ಶಾಲೆ, ಹಿರಿಯರ ಔಷಧ ಇವುಗಳಲ್ಲಿ ಹಂಚಿಹೋಗಿರುತ್ತದೆ. ಅವರಿಗೆ ಬೇಗನೆ ಏಳಿರೆಂದು ಹೇಳುವುದು ಉಪದೇಶವಲ್ಲ, ಅವಿವೇಕ. ಅವರು ಈಗಾಗಲೇ ಎಲ್ಲರಿಗಿಂತ ಮುಂಚೆ ಎದ್ದಿರುತ್ತಾರೆ. ಕೆಲಸದ ಹಂಚಿಕೆಯಿಲ್ಲದೆ ಕಾಲದ ಹಂಚಿಕೆ ಸಾಧ್ಯವಿಲ್ಲ. ಆದುದರಿಂದ ಮನೆಯಲ್ಲಿ ಬರೆಯತಕ್ಕವರು ಮೊದಲು ಮಾಡಬೇಕಾದುದು ವೇಳಾಪಟ್ಟಿಯಲ್ಲ, ಮನೆಯವರೊಡನೆ ಒಂದು ಒಪ್ಪಂದ. ದಿನದ ಇಂತಿಷ್ಟು ಹೊತ್ತಿನಲ್ಲಿ ಈಕೆಯನ್ನು, ಅಥವಾ ಈತನನ್ನು, ಯಾರೂ ಕೂಗತಕ್ಕದ್ದಲ್ಲ. ಆ ಹೊತ್ತಿನ ಮನೆಗೆಲಸ ಇಂಥವರದು ಎಂಬುದು ಸ್ಪಷ್ಟವಾಗಿ ತೀರ್ಮಾನವಾಗಬೇಕು. ಮಕ್ಕಳು ಈ ಒಪ್ಪಂದವನ್ನು ಆಗಾಗ ಮುರಿದರೆ ಬೇಸರಪಡಬೇಕಾಗಿಲ್ಲ. ಡಾರ್ವಿನ್ನನ ನಾಲ್ಕು ವರ್ಷದ ಮಗನೊಬ್ಬನು ಕೆಲಸದ ಹೊತ್ತಿನಲ್ಲಿ ಬಂದು, ತನ್ನೊಡನೆ ಆಡುವುದಾದರೆ ಆರು ಪೆನ್ನಿ ಕೊಡುತ್ತೇನೆಂದು ತಂದೆಗೆ ಲಂಚದ ಆಸೆ ತೋರಿಸಿದನಂತೆ.

4. ಕರಡಿನಿಂದ ಗ್ರಂಥಕ್ಕೆ

ಈಗ ಬರೆವಣಿಗೆಯ ವಿಷಯಕ್ಕೆ ಬರೋಣ. ತನ್ನ ಮನಸ್ಸಿನಲ್ಲಿ ಯಾವ ವಿಚಾರವೂ ಮೊದಲು ತಪ್ಪಾದ ಅಥವಾ ತೊಡಕಾದ ರೂಪದಲ್ಲಿಯೇ ಹೊರಬರುತ್ತದೆಂದು ಡಾರ್ವಿನ್ನನು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಮೊದಲಲ್ಲಿ ಅವನು ವಾಕ್ಯವನ್ನು ಚೆನ್ನಾಗಿ ಯೋಚಿಸಿಯೇ ಕಾಗದಕ್ಕಿಳಿಸುತ್ತಿದ್ದನು. ಹಲವು ವರ್ಷಗಳ ಅನುಭವದಿಂದ ಬೇರೊಂದು ರೀತಿ ಲೇಸೆಂದು ಕಂಡಿತು: ಅರ್ಧದಷ್ಟು ಪದಗಳನ್ನು ಮೊಟಕುಮಾಡಿ, ಕೆಟ್ಟ ಅಕ್ಷರದಲ್ಲಾದರೂ ಪುಟಗಳನ್ನು ಬೇಗಬೇಗನೆ ಬರೆದುಬಿಡುವುದು, ಅನಂತರ ಸಾವಧಾನವಾಗಿ ತಿದ್ದುವುದು. ಹೀಗೆ ಓಡುಬರಹದಲ್ಲಿ ಮೂಡಿದ ವಾಕ್ಯಗಳು ಅನೇಕವೇಳೆ ಯೋಚಿಸಿ ಬರೆದುವಕ್ಕಿಂತ ಉತ್ತಮವಾಗಿದ್ದುವೆಂದು ಅವನ ಅನುಭವ.

ಈ ಓಟಕ್ಕೆ ಮುಂಚೆ ಒಂದು ಸಿದ್ಧತೆ ಇರುತ್ತಿತ್ತು. ದೊಡ್ಡ ಗ್ರಂಥವಾದರೆ ಮೊದಲು ಎರಡು ಮೂರು ಪುಟಗಳ ಸ್ಥೂಲ ನಕ್ಷೆ. ಬಳಿಕ ಅದನ್ನೇ ಹಿಗ್ಗಿಸಿದ ಇನ್ನಷ್ಟು ಪುಟಗಳ ನಕ್ಷೆ, ಅದರಲ್ಲಿ ಒಂದೆರಡು ಪದಗಳು ಒಂದು ಇಡೀ ಚರ್ಚೆಗೆ ಸಂಕೇತ. ವಿಷಯವಾರು ಟಿಪ್ಪಣಿಗಳನ್ನು ಮೂವತ್ತು ನಲವತ್ತು ದೊಡ್ಡ ಕಡತಗಳಲ್ಲಿ ಬೇರೆಬೇರೆಯಾಗಿ ಇಟ್ಟಿರುತ್ತಿದ್ದನು. ಎಂದರೆ ಯೋಜಿಸುವುದು, ಬರೆಯುವುದು, ತಿದ್ದುವುದು ಎಂಬ ಮೂರು ಕಾರ್ಯಗಳನ್ನು ಅವನು ಬೇರ್ಪಡಿಸಿದ್ದನು. ನಮ್ಮ ವಿದ್ಯಾರ್ಥಿಗಳ ತೊಂದರೆಗೆ ಮೂಲ ಇಲ್ಲಿಯೇ ಇದೆ. ಅವರು ಮೂರನ್ನೂ ಒಂದೇ ವಾಕ್ಯದಲ್ಲಿ ಸಾಧಿಸಲು ಹೋಗಿ, ಮೊದಲ ಪುಟದಲ್ಲಿಯೇ ನಿಂತುಬಿಡುತ್ತಾರೆ.

ಡಾರ್ವಿನ್ನನ ಒರಟು ಪ್ರತಿಯನ್ನು ಊರಿನ ಶಾಲೋಪಾಧ್ಯಾಯನೊಬ್ಬನು ಶುದ್ಧಪ್ರತಿ ಮಾಡಿಕೊಡುತ್ತಿದ್ದನು. ಅವನ ಅಕ್ಷರ ಡಾರ್ವಿನ್ನನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮಕ್ಕಳು ಸ್ಫುಟವಾಗಿ ಬರೆದುಕೊಟ್ಟ ಪ್ರತಿಯನ್ನೂ ಆ ಉಪಾಧ್ಯಾಯನು ಮತ್ತೆ ಬರೆದ ಹೊರತು ಅವನಿಂದ ತಿದ್ದಲಾಗುತ್ತಿರಲಿಲ್ಲವಂತೆ. ಇದು ಬರಿಯ ವಿನೋದದ ಸಂಗತಿಯಲ್ಲ. ತಾನು ಬರೆದುದನ್ನು ಮತ್ತೊಬ್ಬರ ಕೈಯಲ್ಲಿ ಕಂಡಾಗ ಮಾತ್ರ ಲೇಖಕನಿಗೆ ಅದು ಪರಕೀಯವಾಗಿ ಕಾಣುತ್ತದೆ. ಪರಕೀಯವಾದಾಗಲೇ ದೋಷ ಗೋಚರಿಸುತ್ತದೆ. ಇಂದು ನಾವು ಕಂಪ್ಯೂಟರಿನಲ್ಲಿ ಬರೆಯುವ ಮೊದಲ ಕರಡೇ ಅಚ್ಚಿನ ಅಕ್ಷರದಲ್ಲಿ, ಅಂಚು ಕಟ್ಟಿದಂತೆ, ಮುಗಿದ ಗ್ರಂಥದ ವೇಷದಲ್ಲಿ ತೋರುತ್ತದೆ. ಈ ವೇಷಕ್ಕೆ ಮೋಸಹೋಗುವುದು ಸುಲಭ. ಆದುದರಿಂದ ಬರೆದ ದಿನವೇ ತಿದ್ದದೆ, ಒಂದೆರಡು ದಿನ ಬಿಟ್ಟು, ಕಾಗದದ ಮೇಲೆ ಮುದ್ರಿಸಿಕೊಂಡು, ಗಟ್ಟಿಯಾಗಿ ಓದಿ ತಿದ್ದುವುದು ಲೇಸು. ಕಿವಿಗೆ ತೊಡಕಾಗುವ ವಾಕ್ಯ ಬುದ್ಧಿಗೂ ತೊಡಕಾಗಿರುತ್ತದೆ.

ತಿದ್ದುಗೆಗೆ ಮಿತಿಯೂ ಉಂಟು. ‘ಜೀವಿಜಾತಿಗಳ ಉಗಮ’ 1859ರಿಂದ 1872ರವರೆಗೆ ಆರು ಆವೃತ್ತಿಗಳನ್ನು ಕಂಡಿತು. ಮೋರ್ಸ್ ಪೆಕ್‌ಹ್ಯಾಮ್ ಎಂಬ ವಿದ್ವಾಂಸನು 1959ರಲ್ಲಿ ಈ ಆರನ್ನೂ ಹೋಲಿಸಿ ಪಾಠಾಂತರಗಳ ಸಂಪಾದನೆಯನ್ನು ಹೊರತಂದನು. ಅವನ ಎಣಿಕೆಯಂತೆ ಮೊದಲ ಆವೃತ್ತಿಯ 3878 ವಾಕ್ಯಗಳಲ್ಲಿ ಸುಮಾರು 3000 ವಾಕ್ಯಗಳು ಒಂದರಿಂದ ಐದು ಸಲದವರೆಗೆ ಬದಲಾಗಿವೆ. ಪರಿಶ್ರಮ ಆಶ್ಚರ್ಯಕರವೇ ಸರಿ. ಆದರೆ ಆಕ್ಷೇಪಿಸಿದವರಿಗೆಲ್ಲ ಉತ್ತರ ಹೇಳುತ್ತ ಹೋದುದರಿಂದ ಗ್ರಂಥದ ವಾದ ಭಾರವಾಯಿತೆಂದು ಭಾವಿಸಿ, ಮೊದಲ ಆವೃತ್ತಿಯನ್ನೇ ಮೆಚ್ಚುವ ವಿದ್ವಾಂಸರು ಅನೇಕರಿದ್ದಾರೆ. ಅರ್ಥ ಸ್ಪಷ್ಟವಾಗುವವರೆಗೆ ತಿದ್ದುವುದು ಗುಣ; ಭಯದಿಂದ ತಿದ್ದುತ್ತಲೇ ಇರುವುದು ದೋಷ.

5. ಕನ್ನಡ ವಾಕ್ಯದ ಪರಿಷ್ಕಾರ

ತಿದ್ದುವ ಸಾಮಾನ್ಯ ಕ್ರಮವನ್ನು ಅನ್ಯಭಾಷೆಯ ಲೇಖಕನಿಂದ ಕಲಿಯಬಹುದು. ಕನ್ನಡ ವಾಕ್ಯದ ದೋಷಗಳನ್ನು ಕನ್ನಡದಲ್ಲಿಯೇ ಹುಡುಕಬೇಕು. ದೋಷವಿಚಾರ ನಮಗೆ ಹೊಸದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದ ದೋಷಗಳನ್ನು ವಿಸ್ತಾರವಾಗಿ ಎಣಿಸಿ, ಸಂಸ್ಕೃತ ಕನ್ನಡ ಪದಗಳನ್ನು ವಿವೇಕವಿಲ್ಲದೆ ಸಮಾಸಮಾಡುವುದನ್ನು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸುವುದಕ್ಕೆ ಹೋಲಿಸಿದೆ. ನಮ್ಮ ವಿಭಾಗಕ್ಕೆ ಬರುವ ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುವ ಮೂರು ದೋಷಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ಉದಾಹರಣೆಗಳನ್ನು ನಾವೇ ಕಲ್ಪಿಸಿಕೊಂಡಿದ್ದೇವೆ.

ಮೊದಲನೆಯದು ಕರ್ಮಣಿಪ್ರಯೋಗದ ಅತಿರೇಕ. “ಈ ದೇವಾಲಯವು ಒಬ್ಬ ವರ್ತಕನಿಂದ ಕಟ್ಟಿಸಲ್ಪಟ್ಟಿತೆಂಬುದಾಗಿ ಶಾಸನದಿಂದ ತಿಳಿಯಲ್ಪಡುತ್ತದೆ” ಎಂದು ಬರೆಯುತ್ತಾರೆ. “ಈ ದೇವಾಲಯವನ್ನು ಕಟ್ಟಿಸಿದವನು ಒಬ್ಬ ವರ್ತಕನೆಂದು ಶಾಸನ ಹೇಳುತ್ತದೆ” ಎಂದರೆ ಸಾಕು. ಹಾಗೆಯೇ “ಪರಿಶೀಲನೆಯನ್ನು ಮಾಡಲಾಯಿತು” ಎಂಬಲ್ಲಿ ಮಾಡಿದವರು ಯಾರೆಂಬುದು ಮರೆಯಾಗುತ್ತದೆ. “ಪರಿಶೀಲಿಸಿದೆವು” ಎಂದಾಗ ಹೊಣೆ ನಮ್ಮದಾಗುತ್ತದೆ.

ಎರಡನೆಯದು ಕರ್ತೃ ಬದಲಾಗುವ ಕೃದಂತಗಳ ಸರಪಣಿ. “ರಾಜನು ಯುದ್ಧದಲ್ಲಿ ಗೆದ್ದು, ರಾಜ್ಯವು ವಿಸ್ತಾರಗೊಂಡು, ಕವಿಗಳಿಗೆ ಆಶ್ರಯ ದೊರೆತು, ಸಾಹಿತ್ಯವು ಬೆಳೆಯಿತು.” ‘ಗೆದ್ದು’ ಎಂದ ಮೇಲೆ ಮುಂದಿನ ಕ್ರಿಯೆಯ ಕರ್ತೃವೂ ರಾಜನೇ ಆಗಬೇಕೆಂಬುದು ವ್ಯಾಕರಣದ ನಿಯಮ, ಇಲ್ಲಿ ನಾಲ್ಕು ಕ್ರಿಯೆಗಳಿಗೆ ನಾಲ್ವರು ಕರ್ತೃಗಳು. ಇದನ್ನು ಬಿಡಿಸಿ ಬರೆಯೋಣ: “ರಾಜನು ಯುದ್ಧದಲ್ಲಿ ಗೆದ್ದನು. ರಾಜ್ಯ ವಿಸ್ತಾರವಾಯಿತು. ಕವಿಗಳಿಗೆ ಆಶ್ರಯ ದೊರೆಯಿತು. ಸಾಹಿತ್ಯ ಬೆಳೆಯಿತು.” ಹೀಗೆ ಬಿಡಿಸಿದೊಡನೆ ಒಂದು ಪ್ರಶ್ನೆ ಏಳುತ್ತದೆ. ರಾಜ್ಯ ವಿಸ್ತಾರವಾದುದರಿಂದಲೇ ಕವಿಗಳಿಗೆ ಆಶ್ರಯ ದೊರೆಯಿತೆ? ಅದಕ್ಕೆ ಆಧಾರವೇನು? ಸರಪಣಿಯ ವಾಕ್ಯವು ಕಾಲದ ಅನುಕ್ರಮವನ್ನು ಕಾರ್ಯಕಾರಣಸಂಬಂಧವೆಂಬಂತೆ ತೋರಿಸಿ, ಈ ಪ್ರಶ್ನೆಯನ್ನು ಲೇಖಕನಿಂದಲೂ ಮರೆಸಿದ್ದಿತು. ವಾಕ್ಯವನ್ನು ತಿದ್ದಲು ಹೋಗಿ ನಾವು ವಾದದ ಬಿರುಕನ್ನು ಕಂಡೆವು. ಭಾಷೆಯ ಪರಿಷ್ಕಾರವು ಬರಿಯ ಅಲಂಕಾರವಲ್ಲ, ಸಂಶೋಧನೆಯ ಒಂದು ಅಂಗವೆಂದು ನಾವು ಹೇಳುವುದು ಇದಕ್ಕಾಗಿಯೇ.

ಮೂರನೆಯದು ಹಿಂಜರಿಕೆಯ ಮತ್ತು ಆರ್ಭಟದ ಮಾತುಗಳು. “ಎಂದು ಹೇಳಬಹುದಾಗಿದೆ”, “ಎಂದರೆ ತಪ್ಪಾಗಲಾರದು” ಎಂಬುವು ಮೊದಲ ಬಗೆ. “ಎಂಬುದು ನಿರ್ವಿವಾದ” ಎಂಬುದು ಎರಡನೆಯ ಬಗೆ. ಆಧಾರ ಇರುವಲ್ಲಿ ಎರಡೂ ಬೇಕಿಲ್ಲ. ಇಲ್ಲದಲ್ಲಿ ಎರಡೂ ಕಾಪಾಡಲಾರವು. ಸಂದೇಹವಿದ್ದರೆ ಏತಕ್ಕೆ ಸಂದೇಹವೆಂಬುದನ್ನು ಒಂದು ವಾಕ್ಯದಲ್ಲಿ ತಿಳಿಸುವುದೇ ಪ್ರಾಮಾಣಿಕವಾದ ಮಾರ್ಗ.

6. ಅನುಷ್ಠಾನ

ಮೇಲ್ಕಂಡ ವಿಚಾರಗಳನ್ನು ಆಚರಣೆಗೆ ತರಬಯಸುವವರಿಗೆ ಒಂದು ಸರಳವಾದ ಕ್ರಮವನ್ನು ಸೂಚಿಸುತ್ತೇವೆ. ಪಾಠದ ದಿನಗಳಲ್ಲಿ ಒಂದು ಗಂಟೆ, ರಜೆಯ ದಿನಗಳಲ್ಲಿ ತಲಾ ಒಂದೂವರೆ ಗಂಟೆಯ ಎರಡು ಅವಧಿ ಸಾಕು. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಪತ್ರಗಳಿಗೂ ಸಂದೇಶಗಳಿಗೂ ಮಧ್ಯಾಹ್ನದ ಮೇಲೆ ಒಂದು ಹೊತ್ತನ್ನು ಗೊತ್ತುಮಾಡಿರಿ. ಡಾರ್ವಿನ್ನನು ಬರೆದ, ಅವನಿಗೆ ಬಂದ ಪತ್ರಗಳಲ್ಲಿ 15,000ಕ್ಕೂ ಹೆಚ್ಚು ಇಂದು ದೊರೆತಿವೆ. ಅವಕ್ಕೆ ಬೇರೆ ಹೊತ್ತನ್ನು ಗೊತ್ತುಮಾಡಿದ್ದುದರಿಂದಲೇ ಅವು ಅವನ ಬೆಳಗಿನ ಕೆಲಸವನ್ನು ತಿನ್ನಲಿಲ್ಲ.

ಪ್ರತಿ ಅವಧಿಯ ಕೊನೆಯಲ್ಲಿ ಮರುದಿನ ಎಲ್ಲಿಂದ ತೊಡಗಬೇಕೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿರಿ. ಮರುದಿನದ ಮೊದಲ ಹತ್ತು ನಿಮಿಷ ಉಳಿಯುತ್ತದೆ. ಹೊಸ ಬರೆವಣಿಗೆಗೆ ಮನಸ್ಸು ಚುರುಕಾಗಿರುವ ಹೊತ್ತನ್ನೂ, ಉಲ್ಲೇಖಗಳ ತಾಳೆ, ಗ್ರಂಥಋಣ ಮೊದಲಾದ ಯಾಂತ್ರಿಕ ಕಾರ್ಯಗಳಿಗೆ ದಣಿದ ಹೊತ್ತನ್ನೂ ಬಳಸಿರಿ. ವಾರಕ್ಕೊಂದು ಅವಧಿ ತಿದ್ದುಗೆಗೇ ಮೀಸಲಾಗಿರಲಿ. ಒಂದು ಅಧ್ಯಾಯವನ್ನು ಮೂರು ಸಲ ತಿದ್ದಿರಿ: ಮೊದಲ ಸಲ ವಾದದ ಕ್ರಮಕ್ಕಾಗಿ, ಎರಡನೆಯ ಸಲ ವಾಕ್ಯಗಳಿಗಾಗಿ, ಮೂರನೆಯ ಸಲ ಕಾಗುಣಿತ ಮತ್ತು ಉಲ್ಲೇಖಗಳಿಗಾಗಿ. ಕಿತ್ತುಹಾಕಬೇಕಾದ ಪುಟದ ಕಾಗುಣಿತವನ್ನು ತಿದ್ದುವುದು ವ್ಯರ್ಥಶ್ರಮವಾದುದರಿಂದ ಈ ಅನುಕ್ರಮವನ್ನು ಬದಲಿಸಬಾರದು. ಬಳಿಕ ವಿಷಯ ತಿಳಿಯದ ಆದರೆ ಕನ್ನಡ ಬಲ್ಲ ಒಬ್ಬರಿಗೆ ಓದಲು ಕೊಡಿರಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ದೋಷವಿದೆಯೆಂದು ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ ಮಾರ್ಗದರ್ಶಕರ ಕೈಗೆ ಒಪ್ಪಿಸಿರಿ.

7. ಉಪಸಂಹಾರ

ಡೌನ್ ಹೌಸಿನ ತಿರುಗಾಟದ ಹಾದಿಯಲ್ಲಿ ಡಾರ್ವಿನ್ನನು ಸುತ್ತುಗಳನ್ನು ಎಣಿಸಲು ಚಕಮಕಿ ಕಲ್ಲುಗಳನ್ನು ಗುಡ್ಡೆಹಾಕಿ, ಒಂದು ಸುತ್ತು ಮುಗಿದಾಗಲೆಲ್ಲ ಒಂದೊಂದನ್ನು ಕಾಲಿನಿಂದ ಒದ್ದು ಹಾದಿಗೆ ಹಾಕುತ್ತಿದ್ದನಂತೆ. ಎಣಿಕೆಯ ಚಿಂತೆಯನ್ನು ಕಲ್ಲುಗಳಿಗೆ ಬಿಟ್ಟುದರಿಂದ ಮನಸ್ಸು ವಿಚಾರಕ್ಕೆ ಬಿಡುವಾಗಿರುತ್ತಿತ್ತು. ವೇಳಾಪಟ್ಟಿಯ ಪ್ರಯೋಜನವೂ ಇಷ್ಟೇ. ಯಾವಾಗ ಬರೆಯಬೇಕೆಂಬ ಚಿಂತೆಯನ್ನು ಅದು ವಹಿಸಿಕೊಳ್ಳುತ್ತದೆ. ಏನು ಬರೆಯಬೇಕೆಂಬ ಚಿಂತೆ ನಮ್ಮ ಪಾಲಿಗೆ ಉಳಿಯುತ್ತದೆ.

ಈ ವರ್ಷ ಅಧ್ಯಾಯವನ್ನು ಅರ್ಧಕ್ಕೆ ನಿಲ್ಲಿಸಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ನಮ್ಮ ನಡುವೆ ಇದ್ದಾರೆ. ಅವರ ಟಿಪ್ಪಣಿಗಳಲ್ಲಿ ಬೇರೆ ಯಾರೂ ಸಂಗ್ರಹಿಸದ ಶಾಸನಗಳೂ, ಹಾಡುಗಳೂ, ಮಾತುಗಳೂ ಇವೆ. ಅವುಗಳನ್ನು ಹೇಳಿದ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಬರೆಯದೆ ಉಳಿದರೆ ನಷ್ಟವಾಗುವುದು ಒಂದು ಪದವಿ ಮಾತ್ರವಲ್ಲ. ಮುಂದಿನ ಸಂಚಿಕೆಯ ವೇಳೆಗೆ ಅವರಲ್ಲಿ ಕೆಲವರಾದರೂ ತಮ್ಮ ಕಾರ್ಯವನ್ನು ಪೂರ್ತಿಮಾಡಿ, ಅದರ ಸಾರವನ್ನು ಈ ಪುಟಗಳಿಗೆ ಕಳುಹಿಸಿಕೊಡುವರೆಂದು ಆಶಿಸುತ್ತೇವೆ.